ಬೈಕಂಪಾಡಿ ಲಿಂಕಿನ ಹಸಿರು ದೀಪಗಳು

ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ಕು ಜನ ಕಳೆದ ತಿಂಗಳು ಕುದ್ರೋಳಿಯ ನನ್ನ ಮನೆಗೆ ಬಂದಿದ್ದರು. ತರಬೇತಿಯ ಪುಸ್ತಕಕ್ಕೆ ಸೇರಿಸಲು ಅವರಿಗೊಂದು ಬರಹ ಬೇಕಂತೆ. ಸ್ವಿಚ್ ಅಂದರೇನು, ಸಿಗ್ನಲಿಂಗ್ ಅಂದರೇನು, ಫ್ರೇಮ್, ಸಿಂಕ್, ಲೂಪ್ ಅಂದರೇನು, ಇವೆಲ್ಲ ಹಳಬರ ಬಾಯಿಂದ ಸರಳವಾಗಿ ಬರಲಿ ಎಂದರು. ನಾನು ಮೊದಲು ಆಗುವುದಿಲ್ಲ ಎಂದೆ. ಅರ್ಥಗಳೆಲ್ಲ ಪುಸ್ತಕದಲ್ಲೇ ಇವೆ, ನಾನು ಹೇಳುವುದಕ್ಕಿಂತ ಚೆನ್ನಾಗಿಯೇ ಇವೆ. ಆದರೆ ಅವರು ಚಾ ಕುಡಿದು ಹೋದ ಮೇಲೆ ಆ ಪಟ್ಟಿಯ ಕೊನೆಯ ಪದ ತಲೆಯಿಂದ ಹೋಗಲಿಲ್ಲ. ಲೂಪ್. ನನ್ನ ಒಂದು ಲೂಪ್‌ನಿಂದ ಬೈಕಂಪಾಡಿಯ ಒಬ್ಬ ಕೆಲಸಗಾರನ ಬಲಗೈ ಹೋಯಿತು ಎಂದು ನಾನು ಏಳು ವರ್ಷ ನಂಬಿಕೊಂಡಿದ್ದೆ. ಹೆಂಡತಿಗೂ ಅವನಿಗೂ ಬಿಟ್ಟರೆ ಮತ್ತೊಬ್ಬರಿಗೆ ಹೇಳಿದವನಲ್ಲ. ಪ್ರಾಯ ಎಪ್ಪತ್ತು ದಾಟಿದ ಮೇಲೆ ಇನ್ನೆಂತ ಮುಚ್ಚಿಡುವುದು? ಬರೆಯುತ್ತೇನೆ. ಪುಸ್ತಕಕ್ಕೆ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ನಾನು ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಆಗ ಎಕ್ಸ್‌ಚೇಂಜ್ ಎಂದರೆ ಒಂದು ದೊಡ್ಡ ಹಾಲ್, ಅದರ ತುಂಬ ಆಳೆತ್ತರದ ಕಬ್ಬಿಣದ ಚೌಕಟ್ಟುಗಳು, ಅವುಗಳಲ್ಲಿ ಸಾಲು ಸಾಲಾಗಿ ಸ್ವಿಚ್‌ಗಳು. ದೀಪ ಹಾಕುವ ಸ್ವಿಚ್ ಅಲ್ಲ. ನೀವು ಮನೆಯಲ್ಲಿ ಡಯಲ್ ತಿರುಗಿಸಿ ಮೂರು ಎಂದರೆ ಇಲ್ಲಿ ಒಂದು ಹಿತ್ತಾಳೆಯ ಕೈ ಮೂರು ಮೆಟ್ಟಿಲು ಮೇಲಕ್ಕೆ ಹತ್ತಬೇಕು, ಮುಂದಿನ ಅಂಕೆ ಐದು ಎಂದರೆ ಐದು ಹೆಜ್ಜೆ ಪಕ್ಕಕ್ಕೆ ತಿರುಗಬೇಕು. ಹಾಗೆ ನೂರು ದಾರಿಗಳಲ್ಲಿ ಒಂದನ್ನು ಹಿಡಿದು ಇಬ್ಬರನ್ನು ಜೋಡಿಸುವುದೇ ಸ್ವಿಚಿಂಗ್. ಆ ಇಬ್ಬರೂ ಫೋನ್ ಇಡುವವರೆಗೆ ಈ ತುದಿಯಿಂದ ಆ ತುದಿವರೆಗಿನ ದಾರಿ ಅವರದೇ, ಅವರು ಸುಮ್ಮನೆ ಕೂತರೂ ಅವರದೇ. ಅದಕ್ಕೆ ಸರ್ಕಿಟ್ ಎನ್ನುತ್ತೇವೆ. ಬೆಳಗ್ಗೆ ಹತ್ತು ಗಂಟೆಗೆ ಬಂದರಿನ ಮಂಡಿಗಳು ತೆರೆದವೆಂದರೆ ಆ ಹಾಲ್‌ನಲ್ಲಿ ಟಕಟಕ ಎಂಬ ಸದ್ದು ಎದ್ದು ಪಕ್ಕದವನ ಮಾತು ಕೇಳುತ್ತಿರಲಿಲ್ಲ.

ನಮ್ಮ ಸೂಪರ್‌ವೈಸರ್ ಕೃಷ್ಣಪ್ಪ ಶೆಟ್ಟರು. ಮೂಲ್ಕಿ ಕಡೆಯ ಗುತ್ತಿನ ಮನೆಯವರು, ಹಳೇ ಜಮೀನ್ದಾರಿ ಮನೆತನ. ಅಂಗಿಯ ಇಸ್ತ್ರಿಯ ಗೆರೆ ಸಂಜೆಯವರೆಗೂ ಮುರಿಯುತ್ತಿರಲಿಲ್ಲ, ದನಿ ಯಾವತ್ತೂ ಏರುತ್ತಿರಲಿಲ್ಲ. ಅವರು ಕೈ ಹಿಂದೆ ಕಟ್ಟಿಕೊಂಡು ಆ ಸದ್ದಿನ ನಡುವೆ ನಡೆಯುತ್ತಾ ಒಮ್ಮೆಲೇ ನಿಲ್ಲುತ್ತಿದ್ದರು.

"ನಾಲ್ಕನೇ ಸಾಲಿನಲ್ಲಿ ಒಂದು ಕುಂಟ್ತಾ ಉಂಟು. ಕೇಳ್ತದಾ ನಿನಗೆ?"

ನನಗೆ ಎಂತದೂ ಕೇಳುತ್ತಿರಲಿಲ್ಲ. ಹೋಗಿ ನೋಡಿದರೆ ಒಂದು ಸ್ವಿಚ್ ಹತ್ತಬೇಕಾದಲ್ಲಿ ಒಂದು ಮೆಟ್ಟಿಲು ತಪ್ಪಿ ಹತ್ತುತ್ತಿರುತ್ತಿತ್ತು. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು, ಓದುವವರಿಗಾಗಿ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಶೆಟ್ಟರದೊಂದು ಕಾನೂನಿತ್ತು. ಅದು ಯಾವ ಇಲಾಖೆಯ ಪುಸ್ತಕದಲ್ಲೂ ಇರಲಿಲ್ಲ. ಒಂದು ಸ್ವಿಚ್ ಬಿಚ್ಚಿ ಎಣ್ಣೆ ಹಾಕಬೇಕಾದರೆ ಮೊದಲು ಅದಕ್ಕೊಂದು ಪ್ಲಗ್ ಸಿಕ್ಕಿಸಬೇಕು, ಆಗ ಅದು ಕೆಲಸದಲ್ಲಿದೆ ಎಂದು ಉಳಿದ ಯಂತ್ರಗಳು ತಿಳಿದು ಬೇರೆ ದಾರಿ ಹಿಡಿಯುತ್ತವೆ. ಕೆಲಸ ಮುಗಿಸಿ ಪ್ಲಗ್ ತೆಗೆಯಲು ಮರೆತಿರೋ, ಸ್ವಿಚ್ ಸತ್ತ ಹಾಗೆಯೇ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಪ್ಲಗ್ ಹಾಕಿದವನು ತನ್ನ ಕೈಯ ವಾಚ್ ಬಿಚ್ಚಿ ಆ ಚೌಕಟ್ಟಿಗೆ ತೂಗುಹಾಕಬೇಕು. ಪ್ಲಗ್ ತೆಗೆದ ಮೇಲೆಯೇ ವಾಚ್ ಕಟ್ಟಿಕೊಳ್ಳಬೇಕು.

"ತಲೆ ಮರೀತದೆ ಮಾರಾಯ, ಕೈ ಮರೆಯುದಿಲ್ಲ," ಎನ್ನುತ್ತಿದ್ದರು ಅವರು. "ಊಟದ ಹೊತ್ತಾಯ್ತಾ ಅಂತ ಗಂಟೆ ನೋಡ್ಲಿಕ್ಕೆ ಹೋಗ್ತಿ ಅಲ್ವಾ, ಆಗ ಬರಿಗೈ ನಿನಗೆ ಹೇಳ್ತದೆ."

ವಾಚ್ ಇಲ್ಲದವರು ಉಂಗುರ ಇಡಬೇಕಿತ್ತು. ಎರಡೂ ಇಲ್ಲದ ಒಬ್ಬ ಒಂದು ಚಪ್ಪಲಿ ಬಿಚ್ಚಿ ತೂಗುಹಾಕಿ, ಇನ್ನೊಂದನ್ನು ಮೆಟ್ಟಿಕೊಂಡು ಹಾಲ್ ತುಂಬ ಓಡಾಡುತ್ತಿದ್ದಾಗ ತಪಾಸಣೆಗೆ ದೊಡ್ಡ ಅಧಿಕಾರಿ ಬಂದರು. ಶೆಟ್ಟರು ನಗದೆ, "ನಮ್ಮಲ್ಲಿ ಹಾಗೆಯೇ ಸಾರ್," ಎಂದರಂತೆ.

ನಮ್ಮ ಹೊಗಳಿಕೆ ಇಷ್ಟಕ್ಕೆ ಸಾಕು. ಇನ್ನೊಂದು ಬದಿಯೂ ಇತ್ತು. ದೂರುಗಳೆಲ್ಲ ಕಾರ್ಡಿನಲ್ಲಿ ಬರುತ್ತಿದ್ದವು. ನಾವು ಟೆಸ್ಟ್ ಡೆಸ್ಕಿನಲ್ಲಿ ಕೂತು ಆ ಲೈನಿಗೆ ಒಂದು ಮೀಟರ್ ಹಚ್ಚಿ ನೋಡಬೇಕು. ಮುಳ್ಳು ಸರಿಯಾಗಿ ಆಡಿದರೆ 'ಟೆಸ್ಟ್ ಮಾಡಿದಾಗ ಸರಿ' ಎಂದು ಬರೆದು ಕಾರ್ಡ್ ಮುಚ್ಚಬಹುದು. ಮಂಗಳೂರಿನ ಹೊರಗಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ಕಾರ್ಡುಗಳು ಕಟ್ಟು ಕಟ್ಟಾಗಿ ಬರುತ್ತಿದ್ದವು. ಅಲ್ಲಿನ ಕಾರ್ಖಾನೆಗಳ ಫೋನಿನಲ್ಲಿ ಊರಿಗೆ ಲೈನ್ ಸಿಗುವುದಿಲ್ಲ, ಸಿಕ್ಕಿದರೆ ಅರ್ಧಕ್ಕೆ ಹೋಗುತ್ತದೆ ಎಂಬುದೇ ದೂರು. ಊರಿಗೂ ಬೈಕಂಪಾಡಿಯ ಪುಟ್ಟ ಎಕ್ಸ್‌ಚೇಂಜಿಗೂ ನಡುವೆ ಇದ್ದದ್ದು ಬೆರಳೆಣಿಕೆಯ ಜೋಡಿ ತಂತಿ. ಉಪ್ಪುಗಾಳಿಗೆ ಅವುಗಳಲ್ಲೂ ಅರ್ಧ ಹಾಳು. ಆದರೆ ಕಾರ್ಖಾನೆಯಿಂದ ಬೈಕಂಪಾಡಿ ಎಕ್ಸ್‌ಚೇಂಜಿನವರೆಗಿನ ಲೈನ್ ಚೆನ್ನಾಗಿಯೇ ಇರುತ್ತಿತ್ತು, ಮೀಟರಿನ ಮುಳ್ಳು ಆಡುತ್ತಿತ್ತು. ಟೆಸ್ಟ್ ಮಾಡಿದಾಗ ಸರಿ. ಬರೆದು ಬರೆದು ನನ್ನ ಅಕ್ಷರವೇ ದುಂಡಗಾಯಿತು. ಅದರಲ್ಲಿ ಸುಳ್ಳು ಇದೆ ಎಂದು ನನಗಾಗಲೀ ಉಳಿದವರಿಗಾಗಲೀ ಒಂದು ದಿನವೂ ಅನ್ನಿಸಲಿಲ್ಲ.

ಎಂಬತ್ತರ ದಶಕ ಶುರುವಾಗುವಾಗ ಆ ತಂತಿಗಳ ಕಷ್ಟ ಕಳೆಯಲು ಡಿಜಿಟಲ್ ಲಿಂಕ್ ಬಂತು. ಅದರ ತರಬೇತಿಗೆ ನನ್ನನ್ನು ಪರ ಊರಿಗೆ ಕಳಿಸಿದರು. ಕೆಲವು ವಾರ ಕಳೆದು ಹಿಂದೆ ಬರುವಾಗ ನನ್ನ ತಲೆ ನೆಲದ ಮೇಲೆ ಇರಲಿಲ್ಲ. ಹೊಸ ಸಾಮಾನಿಗೆ ಏಸಿ ಹಾಕಿದ ಪ್ರತ್ಯೇಕ ರೂಮು. ಒಳಗೆ ಸದ್ದಿಲ್ಲ, ಧೂಳಿಲ್ಲ, ಎಣ್ಣೆಯ ವಾಸನೆ ಇಲ್ಲ. ಎದೆಮಟ್ಟದ ಒಂದು ಕಪಾಟು, ಅದರಲ್ಲಿ ಕಾರ್ಡ್ ಎಂದು ಕರೆಯುವ ತೆಳು ಹಲಗೆಗಳ ಸಾಲು, ಅವುಗಳ ಮೇಲೆ ಸಣ್ಣ ಸಣ್ಣ ದೀಪಗಳು. ಶೆಟ್ಟರು ಒಂದು ಮಧ್ಯಾಹ್ನ ಬಂದು ಕಪಾಟಿನ ಮುಂದೆ ನಿಂತರು.

"ಇದು ಮಾತನ್ನು ಎಂತ ಮಾಡ್ತದೆ?"

"ಕೊಚ್ಚಿ ಕಳಿಸ್ತದೆ ಶೆಟ್ರೇ. ನಿಮ್ಮ ದನಿಯನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೀತದೆ. ಪ್ರತಿ ಅಳತೆಯನ್ನೂ ಒಂದು ಅಂಕೆ ಮಾಡ್ತದೆ. ಆಚೆ ಬದಿಯಲ್ಲಿ ಅಂಕೆ ನೋಡಿ ಪುನಃ ದನಿ ಕಟ್ತದೆ."

"ಒಂದು ಜೋಡಿ ತಂತಿಯಲ್ಲಿ ಎಷ್ಟು ಜನ?"

"ಹೋಗ್ಲಿಕ್ಕೆ ಒಂದು ಜೋಡಿ, ಬರ್ಲಿಕ್ಕೆ ಒಂದು ಜೋಡಿ. ಮೂವತ್ತು ಜನ ಒಟ್ಟಿಗೆ ಮಾತಾಡ್ಬಹುದು."

ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಅದಕ್ಕೆ ನಾನು ಸಿಟಿ ಬಸ್ಸಿನ ಲೆಕ್ಕ ಹೇಳಿದೆ. ತರಬೇತಿಯಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ಮೂವತ್ತೆರಡು ಸೀಟಿನ ಒಂದು ಬಸ್ ಅಂತ ತಿಳಿಯಿರಿ. ಮೂವತ್ತು ಪ್ರಯಾಣಿಕರು, ಒಬ್ಬೊಬ್ಬರ ದನಿಯ ಒಂದೊಂದು ಅಂಕೆ ಒಂದೊಂದು ಸೀಟಿನಲ್ಲಿ. ಒಂದು ಸೀಟು ಡ್ರೈವರನದು. ಬಸ್ಸಿನ ಮುಂಭಾಗ ಯಾವುದು, ಎಲ್ಲಿಂದ ಸೀಟು ಎಣಿಸಬೇಕು ಎಂದು ಆಚೆ ಬದಿಗೆ ತಿಳಿಯುವುದು ಅವನಿಂದ. ಅದೇ ಸಿಂಕ್. ಇನ್ನೊಂದು ಸೀಟು ಕಂಡಕ್ಟರನದು. ಯಾರು ಹತ್ತಿದರು, ಯಾರು ಇಳಿದರು, ಯಾರು ಫೋನ್ ಎತ್ತಿದ್ದಾರೆ, ಯಾರು ಇಟ್ಟಿದ್ದಾರೆ ಎಂದು ಹೇಳುವವನು ಅವನು. ಅದೇ ಸಿಗ್ನಲಿಂಗ್. ಇಡೀ ಬಸ್ಸಿಗೆ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ ಇಂಥ ಎಂಟು ಸಾವಿರ ಬಸ್ ಹೋಗುತ್ತವೆ, ಎಂಟು ಸಾವಿರ ಬರುತ್ತವೆ.

ಶೆಟ್ಟರು ದೀಪಗಳತ್ತ ಬಗ್ಗಿ ನೋಡಿದರು.

"ಜನ ಇಲ್ಲದಿದ್ರೂ ಬಸ್ ಬರ್ತಾ ಇರ್ತದಲ್ಲ?"

"ಬರ್ತದೆ. ಸಿಂಕ್ ಸರಿ ಉಂಟಾದ್ರೆ ಹಸಿರು ದೀಪ. ಬಸ್ ನಿಂತ್ರೆ ಕೆಂಪು."

"ಬಸ್ ಬಂತು ಅಂತ ಗೊತ್ತಾಯ್ತು. ಅದು ಬೈಕಂಪಾಡಿಗೆ ಹೋಗಿಯೇ ಬಂತು ಅಂತ ಹೇಗೆ ಗೊತ್ತು?"

ನನಗೆ ನಗು ಬಂತು. ಪಾಪ, ಹಳೇ ಕಾಲದವರು ಎಂದುಕೊಂಡೆ. "ಹಸಿರು ದೀಪ ಉಂಟಲ್ಲ ಶೆಟ್ರೇ," ಎಂದೆ. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಇನ್ನು ಲೂಪ್. ಲಿಂಕ್ ಸರಿ ಇದೆಯೇ ಎಂದು ನೋಡಲು ನಮ್ಮ ಬದಿಯಿಂದ ಹೋಗುವ ಜೋಡಿಯನ್ನು ನಮ್ಮ ಬದಿಗೆ ಬರುವ ಜೋಡಿಗೆ ಇಲ್ಲೇ ಒಂದು ಪ್ಲಗ್ ಹಾಕಿ ಸೇರಿಸಿಬಿಡುತ್ತೇವೆ. ಆಗ ನಾವು ಕಳಿಸಿದ್ದು ನಮಗೇ ವಾಪಸು ಬರುತ್ತದೆ. ಬಸ್ ಡಿಪೋ ಬಿಟ್ಟು ಹೊರಗೇ ಹೋಗುವುದಿಲ್ಲ, ಒಳಗೇ ಒಂದು ಸುತ್ತು ಹಾಕಿ ಬಂದು ನಿಲ್ಲುತ್ತದೆ. ನಮ್ಮ ಯಂತ್ರದಲ್ಲಿ ದೋಷವಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಒಳ್ಳೆಯ ವಿಧಾನ, ಈಗಲೂ ಎಲ್ಲ ಕಡೆ ಮಾಡುತ್ತಾರೆ. ಪ್ಲಗ್ ತೆಗೆಯಲು ಮಾತ್ರ ಮರೆಯಬಾರದು.

ಲಿಂಕ್ ಬಂದು ಕೆಲವು ತಿಂಗಳಾಗಿತ್ತು. ಹಳೆಯ ತಂತಿಗಳನ್ನು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟಿದ್ದೆವು. ಬೈಕಂಪಾಡಿಯವರಿಗೆ ಊರಿಗೆ ಮಾತಾಡಲು ದಾರಿ ಇದೊಂದೇ. ನಮ್ಮ ಜೂನಿಯರ್ ಇಂಜಿನಿಯರ್ ಕುಲಕರ್ಣಿಯವರು, ಧಾರವಾಡದವರು. ಅವರ ಒಪ್ಪಿಗೆ ಕೇಳಿ ಮಧ್ಯಾಹ್ನ ಒಂದು ಗಂಟೆ ಕಳೆದ ಮೇಲೆ ಹತ್ತು ನಿಮಿಷಕ್ಕೆಂದು ಲೂಪ್ ಹಾಕಿದೆ. ಕಾರ್ಖಾನೆಗಳಿಗೆ ಊಟದ ಹೊತ್ತು, ಮಾತಾಡುವವರು ಕಡಿಮೆ. ವಾಚ್ ಬಿಚ್ಚಲಿಲ್ಲ. ಏಸಿ ರೂಮಿನಲ್ಲಿ ಗುತ್ತಿನ ಮನೆಯ ಕಾನೂನು ಎಂತಕ್ಕೆ ಎಂದು ನನ್ನ ಅಹಂಕಾರ. ದೀಪವೇ ಎಲ್ಲ ಹೇಳುವಾಗ ವಾಚ್ ಹೇಳುವುದಕ್ಕೆ ಏನು ಉಳಿದಿದೆ?

ಅಷ್ಟರಲ್ಲಿ ಬಾಗಿಲು ತೆರೆದು ಕುಲಕರ್ಣಿಯವರು ಇಣುಕಿದರು.

"ಸದಾನಂದ, ಸ್ವಲ್ಪ ಲಗೂನ ಬರ್ರಿ. ದೊಡ್ಡ ಸಾಹೇಬ್ರ ಮನಿ ಫೋನ್ ಸತ್ತದ. ಅವ್ರು ನನ್ನ ಜೀವಾ ತಿನ್ನಾಕತ್ತಾರ."

ಹೋದೆ. ಸಾಹೇಬರ ಲೈನಿನ ದೋಷ ಹಳೇ ಹಾಲ್‌ನಲ್ಲಿ ಸಿಕ್ಕಿತು, ಸರಿ ಮಾಡಲು ಮುಕ್ಕಾಲು ಗಂಟೆ. ಅವರ ಮನೆಯಿಂದ ಥ್ಯಾಂಕ್ಸ್ ಎಂದರು, ನನಗೆ ಖುಷಿಯಾಯಿತು. ಏಸಿ ರೂಮಿಗೆ ಬಂದು ನೋಡಿದರೆ ಎಲ್ಲ ಹಸಿರು. ನಿಶ್ಚಿಂತೆಯಿಂದ ಬುತ್ತಿ ಬಿಚ್ಚಿದೆ.

ಎರಡು ತುತ್ತು ತಿಂದಿದ್ದೆ. ಎಕ್ಸ್‌ಚೇಂಜಿನವರೇ ತಮ್ಮತಮ್ಮೊಳಗೆ ಮಾತಾಡಿಕೊಳ್ಳಲು ಬೇರೆಯೇ ಒಂದು ತಂತಿಯ ಫೋನ್ ಇತ್ತು, ಅದು ಬಡಿದುಕೊಂಡಿತು. ಬೈಕಂಪಾಡಿಯ ಟೆಕ್ನಿಶಿಯನ್ ಹಮೀದ್. ಊಟಕ್ಕೆ ಮನೆಗೆ ಹೋಗಿದ್ದವನು ಆಗಷ್ಟೇ ವಾಪಸು ಬಂದಿದ್ದ.

"ಎಂತ ಮಾರಾಯ, ಇಲ್ಲಿ ಇಡೀ ಕೆಂಪು ಉಂಟು! ನಿನ್ನ ಕಡೆಯಿಂದ ಎಂತದೂ ಬರ್ತಾ ಇಲ್ಲ."

"ಇಲ್ಲಿ ಎಲ್ಲ ಹಸಿರು ಹಮೀದ್. ದೋಷ ನಿನ್ನದೇ. ಕಾರ್ಡ್ ಬದಲಿಸಿ ನೋಡು."

"ನನ್ನ ಕಾರ್ಡ್ ಸರಿ ಉಂಟು."

"ಸರಿ ಇದ್ರೆ ಕೆಂಪು ಯಾಕೆ ಬರ್ತದೆ? ನನ್ನ ಸಿಂಕ್ ಒಂದು ಚೂರೂ ಅಲ್ಲಾಡ್ತಾ ಇಲ್ಲ. ಇಷ್ಟು ಚೆಂದ ಯಾವತ್ತೂ ಇರ್ಲಿಲ್ಲ."

ನಿಜಕ್ಕೂ ಅಷ್ಟು ಚೆಂದ ಇತ್ತು. ಇರಲೇಬೇಕಲ್ಲ! ನನ್ನದೇ ಸದ್ದು ಎರಡು ಮೊಳ ತಂತಿ ಸುತ್ತಿ ನನಗೇ ಬರುತ್ತಿತ್ತು. ಹಮೀದ್ ಪಾಪ ಒಂದು ಕಾರ್ಡ್ ಬದಲಿಸಿದ, ಎರಡು ಬದಲಿಸಿದ, ಕರೆಂಟ್ ತೆಗೆದು ಪುನಃ ಹಾಕಿದ. ಪ್ರತಿ ಸಲವೂ "ಈಗ?" ಎಂದು ಕೇಳುತ್ತಿದ್ದ. ನಾನು "ಇಲ್ಲಿ ಹಸಿರೇ" ಎನ್ನುತ್ತಿದ್ದೆ. ಕೊನೆಕೊನೆಗೆ ನಾನು ಅವನಿಗೆ ರೇಗಿದೆ, ಅವನ ಕೆಲಸವೇ ಅವನಿಗೆ ಗೊತ್ತಿಲ್ಲ ಎಂದೂ ಹೇಳಿದೆ. ಹೀಗೆ ಇನ್ನೊಂದು ಗಂಟೆ ಹೋಯಿತು.

ನನ್ನ ಏರಿದ ದನಿ ಕೇಳಿಯೋ ಏನೋ, ಶೆಟ್ಟರು ಒಳಗೆ ಬಂದರು. ಬಾಗಿಲ ಹತ್ತಿರವೇ ನಿಂತು ಸ್ವಲ್ಪ ಹೊತ್ತು ಕೇಳಿದರು. ಅವರಿಗೆ ಆ ಯಂತ್ರದ ಒಂದು ಕಾರ್ಡಿನ ಹೆಸರೂ ಗೊತ್ತಿರಲಿಲ್ಲ.

"ಇವತ್ತು ನೀನು ಇದಕ್ಕೆ ಎಂತದಾದ್ರೂ ಪ್ಲಗ್ ಹಾಕಿದ್ದೀಯಾ?"

ನಾನು ಫೋನನ್ನು ಕಿವಿಯಿಂದ ಕೆಳಗಿಳಿಸಿದೆ.

"ನಿನ್ನ ವಾಚ್ ಎಲ್ಲುಂಟು?"

ವಾಚ್ ಕೈಯಲ್ಲೇ ಇತ್ತು. ಮೂರು ಗಂಟೆ ಆಗಿತ್ತು. ಕಪಾಟಿನ ಹಿಂದೆ ಹೋಗಿ ಪ್ಲಗ್ ಕಿತ್ತೆ. ಹಸಿರು ದೀಪಗಳು ಒಂದು ಕ್ಷಣ ಕೆಂಪಾಗಿ ಪುನಃ ಹಸಿರಾದವು. ಫೋನಿನಲ್ಲಿ ಹಮೀದ್ "ಬಂತು ಬಂತು, ಎಂತ ಮಾಡಿದ್ದು ಮಾರಾಯ?" ಎಂದು ಕೂಗುತ್ತಿದ್ದ. ನಾನು ಫೋನ್ ಇಟ್ಟೆ.

ಇಂಥದ್ದನ್ನೆಲ್ಲ ಬರೆಯಲು ಒಂದು ರಿಜಿಸ್ಟರ್ ಇತ್ತು. ಕುಲಕರ್ಣಿಯವರು ತಲೆ ಕೆರೆದುಕೊಂಡು, "'ಲಿಂಕ್ ದೋಷ, ಸರಿಪಡಿಸಲಾಯಿತು' ಅಂತ ಬರದುಬಿಡ್ರಿ. ಪರವಾನಗಿ ಕೊಟ್ಟಾಂವ ನಾನೂ ಇದ್ದೀನಿ, ಇಬ್ರೂ ಸಿಗತೀವಿ," ಎಂದರು. ಕೆಟ್ಟವರಲ್ಲ ಅವರು, ಹೆದರಿದ್ದರು. ಹಾಗೆಯೇ ಬರೆದೆ, ಸಹಿ ಹಾಕಿದೆ. ಶೆಟ್ಟರು ಅದನ್ನು ಓದಿ ಹೊರಗೆ ಹೋದರು.

ಮರುದಿನ ಬೆಳಗ್ಗೆ ಹಮೀದ್ ಫೋನ್ ಮಾಡಿದ. ಹಿಂದಿನ ದಿನದ ಜಗಳ ಅವನಿಗೆ ನೆನಪೇ ಇದ್ದಂತಿರಲಿಲ್ಲ.

"ನಿನ್ನೆ ಇಲ್ಲಿ ಒಂದು ಫ್ಯಾಕ್ಟರಿಯಲ್ಲಿ ಒಬ್ಬನ ಕೈ ಪ್ರೆಸ್ಸಿಗೆ ಸಿಕ್ಕಿತಂತೆ ಮಾರಾಯ. ಒಂದೂವರೆ ಗಂಟೆ ಹೊತ್ತಿಗೆ. ಫೋನ್ ಇರ್ಲಿಲ್ಲ, ಆಂಬುಲೆನ್ಸ್ ಸಿಕ್ಲಿಲ್ಲ. ಲಾರಿಯಲ್ಲಿ ಹಾಕಿ ಊರಿಗೆ ತಂದ್ರಂತೆ. ಪಾಪ, ಚಿಕ್ಕ ಪ್ರಾಯ."

ಮೂರನೇ ದಿನ ಆಸ್ಪತ್ರೆಗೆ ಹೋದೆ. ಮೂಸಂಬಿ ತೆಗೆದುಕೊಂಡು ಹೋಗಿದ್ದೆ. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಇಪ್ಪತ್ತೈದರ ಒಳಗಿನ ಹುಡುಗ. ಮೊಣಕೈಯ ಕೆಳಗೆ ಬ್ಯಾಂಡೇಜಿನ ಒಂದು ಉಂಡೆ, ಅದರಾಚೆ ಏನೂ ಇಲ್ಲ. ಅವನ ತಾಯಿ ಇನ್ನೊಬ್ಬ ಹೆಂಗಸಿಗೆ ಹೇಳುತ್ತಿದ್ದರು.

"ಒಂದು ಗಂಟೆ ಮೊದ್ಲು ತಂದಿದ್ರೆ ಕೈ ಉಳೀತಿತ್ತು ಅಂತ ಡಾಕ್ಟ್ರು ಹೇಳಿದ್ರಕ್ಕ. ಒಂದೇ ಗಂಟೆ."

ನಾನು ಒಳಗೆ ಹೋಗಲಿಲ್ಲ. ಮೂಸಂಬಿಯನ್ನು ಬಾಗಿಲ ಹತ್ತಿರದ ಮಂಚದಲ್ಲಿದ್ದ ಯಾರೋ ಅಜ್ಜನಿಗೆ ಕೊಟ್ಟು ಹಿಂದೆ ತಿರುಗಿದೆ. ಅಜ್ಜ "ನೀವು ಯಾರು ಮಗಾ?" ಎಂದು ಕೇಳಿದರು.

ಆ ವಾರವೇ ಒಂದು ದಿನ ಶೆಟ್ಟರು ನನ್ನ ಮುಂದೆ ರಿಜಿಸ್ಟರ್ ತೆರೆದಿಟ್ಟರು. ಸುದ್ದಿ ಅವರಿಗೂ ಮುಟ್ಟಿತ್ತು.

"ನೀನು ಬರೆದದ್ದರ ಕೆಳಗೆ ಇನ್ನೂ ಜಾಗ ಉಂಟು," ಎಂದರು.

ಪೆನ್ನು ಜೇಬಿನಲ್ಲೇ ಇತ್ತು. ಮನೆಯಲ್ಲಿ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡ ಹೆಂಡತಿ, ಮದುವೆಯಾಗದ ಇಬ್ಬರು ತಂಗಿಯರು. ನಾನು ರಿಜಿಸ್ಟರ್ ಮುಚ್ಚಿದೆ. ಶೆಟ್ಟರು ಅದನ್ನು ತೆಗೆದುಕೊಂಡು ಹೋದರು. ಆ ಮೇಲೆ ನಿವೃತ್ತರಾಗುವವರೆಗೂ ಅವರು ಆ ವಿಷಯ ಎತ್ತಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವರನ್ನು ಬೀಳ್ಕೊಡುವ ದಿನ ಹಾರ ಹಾಕಿ ಬಗ್ಗಿದಾಗ ಕಿವಿಯ ಹತ್ತಿರ ಕೇಳಿದರು.

"ಅವನ ಹೆಸರು ಗೊತ್ತುಂಟಾ ನಿನಗೆ?"

"ವಾಮನ."

"ಕಾಣಬೇಕು ಮಾರಾಯ ನೀನು ಅವನನ್ನು. ನನಗಾಗಿ ಅಲ್ಲ."

ಕಾಣಲಿಲ್ಲ. ವರ್ಷ ವರ್ಷವೂ ನಾಳೆ ಎಂದುಕೊಂಡೆ. ಲೂಪ್ ಹಾಕುವಾಗ ಪ್ರತಿ ಸಲ ವಾಚ್ ಬಿಚ್ಚಿದೆ. ನನ್ನ ಕೆಳಗಿನವರಿಗೂ ಬಿಚ್ಚಿಸಿದೆ, ನಕ್ಕವರನ್ನು ಎಲ್ಲರ ಮುಂದೆ ಬೈದೆ. ನನ್ನ ಸಿಟ್ಟಿಗೆ ಒಂದು ಹೆಸರೂ ಬಿತ್ತಂತೆ, ಯಾರೂ ನನ್ನ ಮುಂದೆ ಹೇಳಲಿಲ್ಲ.

ಎಂಬತ್ತರ ದಶಕದ ಕೊನೆಗೆ ಪೂರಾ ಡಿಜಿಟಲ್ ಎಕ್ಸ್‌ಚೇಂಜ್ ಬಂತು. ಒಂದು ಭಾನುವಾರ ಬೆಳಗ್ಗೆ ಹಳೇ ಹಾಲಿನ ಫ್ಯೂಸ್‌ಗಳನ್ನು ಸಾಲಾಗಿ ಕಿತ್ತೆವು. ಒಂದೊಂದೇ ಸಾಲಿನ ಸದ್ದು ನಿಲ್ಲುತ್ತಾ ಬಂತು, ಕೊನೆಗೆ ನಮ್ಮ ಉಸಿರೇ ನಮಗೆ ಕೇಳಿತು. ಇಪ್ಪತ್ತು ವರ್ಷ ಅಲ್ಲಿ ದುಡಿದವರು ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಈಗ ಯಾರು ಯಾರಿಗೆ ಮಾತಾಡುತ್ತಾರೆ ಎಂದು ತಿಳಿಯಲು ಒಂದು ಸಾಲು ಟೈಪ್ ಮಾಡಿದರೆ ಸಾಕು. ಬೈಕಂಪಾಡಿಗೂ ಹೊಸ ಎಕ್ಸ್‌ಚೇಂಜ್ ಆಯಿತು, ಎರಡು ಬೇರೆ ಬೇರೆ ದಾರಿಗಳಲ್ಲಿ ಲಿಂಕ್ ಬಂತು. ಒಂದು ಹೋದರೆ ಇನ್ನೊಂದು ಇರಲಿ ಎಂದು.

ಆಗಲೇ ಊರು ತುಂಬ ಎಸ್‌ಟಿಡಿ ಬೂತ್‌ಗಳು ಬರತೊಡಗಿದ್ದು. ಅಂಗವಿಕಲರಿಗೆ ಮೊದಲ ಅವಕಾಶ ಎಂದಿತ್ತು. ಒಂದು ದಿನ ಹೊಸ ಬೂತ್‌ಗಳ ಪಟ್ಟಿ ನೋಡುವಾಗ ಹೆಸರು ಕಂಡಿತು. ವಾಮನ, ಪಂಪ್‌ವೆಲ್. ಬಲಗೈ ಇಲ್ಲ ಎಂದು ಪಕ್ಕದಲ್ಲಿ ಬರೆದಿತ್ತು. ಲೈನ್ ಜೋಡಿಸಿ ಬರುವುದು ನನ್ನ ಕೆಲಸವಲ್ಲ. ಲೈನ್‌ಮನ್‌ಗೆ ನಾನೇ ಹೋಗುತ್ತೇನೆ ಎಂದೆ. ಅವನು ನನ್ನ ಮುಖ ನೋಡಿ ಎರಡು ಮಾತಾಡದೆ ಉಪಕರಣದ ಚೀಲ ಕೊಟ್ಟ.

ಪಂಪ್‌ವೆಲ್‌ನಲ್ಲಿ ಬಸ್ ನಿಲ್ಲುವ ಕಡೆಗೆ ಮುಖ ಮಾಡಿದ ಒಂದು ಸಣ್ಣ ಗೂಡು. ಹೊಸ ಬಣ್ಣ, ಗಾಜಿನ ಬಾಗಿಲು. ವಾಮನ ಅಂಗಿಯ ಬಲತೋಳನ್ನು ಮಡಚಿ ಪಿನ್ ಹಾಕಿದ್ದ. ಮೈ ತುಂಬಿಕೊಂಡಿದ್ದ, ನಗುಮುಖ. ತಮ್ಮ ಗಲ್ಫಿನಲ್ಲಿದ್ದಾನೆ, ಮೊದಲ ಫೋನ್ ಅವನಿಗೇ ಮಾಡುವುದು ಎಂದು ಹೇಳುತ್ತಾ ನನಗೆ ಸ್ಟೂಲ್ ಎಳೆದು ಕೊಟ್ಟ. ನಾನು ಲೈನ್ ಜೋಡಿಸಿದೆ, ಮೀಟರ್ ನೋಡಿದೆ. ಕೆಲಸ ಮುಗಿದ ಮೇಲೆ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಲೂಪ್ ಎಂದರೇನು, ನಾನು ಎಷ್ಟು ಹೊತ್ತಿಗೆ ಹಾಕಿದೆ, ಯಾಕೆ ಮರೆತೆ, ಎಷ್ಟು ಹೊತ್ತಿಗೆ ತೆಗೆದೆ, ರಿಜಿಸ್ಟರಿನಲ್ಲಿ ಏನು ಸುಳ್ಳು ಬರೆದೆ. ಆಸ್ಪತ್ರೆಯ ಬಾಗಿಲಿನವರೆಗೆ ಬಂದು ಹಿಂದೆ ಹೋದದ್ದನ್ನೂ ಹೇಳಿದೆ.

"ನಿಮ್ಮ ಕೈ ಹೋದದ್ದು ನನ್ನಿಂದ," ಎಂದೆ. "ಎಂತ ಹೇಳ್ತೀರೋ ಹೇಳಿ. ಹೊಡೀರಿ ಬೇಕಾದ್ರೆ."

ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಫೋನಾ? ಫೋನ್ ಯಾರು ಮಾಡಿದ್ದು ಸಾರ್ ಆವತ್ತು?"

ನನಗೆ ಅರ್ಥವಾಗಲಿಲ್ಲ.

"ಯಾರೂ ಮಾಡ್ಲಿಲ್ಲ. ಆಫೀಸಿನಲ್ಲಿ ಫೋನ್ ಇತ್ತು, ಅದಕ್ಕೆ ಒಂದು ಬಟ್ಟೆ ಹೊದೆಸಿ ಇಟ್ಟಿದ್ರು. ಅದರಲ್ಲಿ ಊರಿಗೆ ಲೈನ್ ಸಿಗ್ತದೆ ಅಂತ ಯಾರಿಗೆ ನಂಬಿಕೆ ಇತ್ತು ಹೇಳಿ? ಧಣಿಗಳು ಎಷ್ಟು ವರ್ಷ ಕಂಪ್ಲೇಂಟ್ ಕೊಟ್ರು. ಸರಿ ಉಂಟು, ಸರಿ ಉಂಟು ಅಂತಲೇ ಹೇಳಿದ್ರು ನಿಮ್ಮವರು. ಮತ್ತೆ ಹೊಸತು ಎಂತದೋ ಬಂತು ಅಂತ ಹೇಳಿದ್ರು, ನಾವು ನೋಡ್ಲಿಕ್ಕೂ ಹೋಗ್ಲಿಲ್ಲ. ನನಗೆ ಆದ ಕೂಡ್ಲೇ ಮೇಸ್ತ್ರಿ ಸೀದಾ ರಸ್ತೆಗೆ ಓಡಿದ್ದು, ಲಾರಿ ನಿಲ್ಲಿಸ್ಲಿಕ್ಕೆ. ಊಟದ ಹೊತ್ತು, ಲಾರಿ ಎಲ್ಲಿ ಸಿಗ್ತದೆ? ಒಂದು ಗಂಟೆ ರಸ್ತೆ ಬದಿಯಲ್ಲೇ ಮಲಗಿದ್ದೆ ನಾನು. ಫೋನ್ ಮಾಡಿ ಅಂತ ನನಗೂ ಹೊಳೀಲಿಲ್ಲ ಸಾರ್."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಹೇಳುತ್ತಿದ್ದ. ತಪ್ಪು ನಿನ್ನದಲ್ಲ ಎಂಬ ಒಂದು ಮಾತಿಗೆ ನಾನು ಏಳು ವರ್ಷ ಹಂಬಲಿಸಿದ್ದೆ. ಅದು ಸಿಕ್ಕಿತು, ಆದರೆ ಎದೆಯ ಭಾರ ಇಳಿಯಲಿಲ್ಲ, ಇಮ್ಮಡಿಯಾಯಿತು. ಆ ದಿನ ನಾನು ಲೂಪ್ ಹಾಕದೇ ಇದ್ದಿದ್ದರೂ, ಎರಡೂ ಬದಿಯ ದೀಪಗಳು ನಿಜವಾಗಿಯೂ ಹಸಿರಾಗಿದ್ದಿದ್ದರೂ, ಅವನ ಮೇಸ್ತ್ರಿ ರಸ್ತೆಗೇ ಓಡುತ್ತಿದ್ದ. ಒಂದು ಪ್ಲಗ್ ಮರೆತದ್ದು ನಾನೊಬ್ಬ, ಎರಡು ಗಂಟೆಯ ಮಟ್ಟಿಗೆ. ಆ ಫೋನಿನ ಮೇಲಿನ ನಂಬಿಕೆಯನ್ನು ನಾವೆಲ್ಲ ಸೇರಿ ಹತ್ತು ವರ್ಷ ಕೆಡಿಸಿದ್ದೆವು, ಟೆಸ್ಟ್ ಡೆಸ್ಕಿನ ಫ್ಯಾನಿನ ಕೆಳಗೆ ಕೂತು. ನನಗೆ ಅಳು ತಡೆಯಲಾಗಲಿಲ್ಲ. ವಾಮನ ಹೊರಗೆ ಹೋಗಿ ಎದುರಿನ ಹೋಟೆಲಿನಿಂದ ಚಾ ಹೇಳಿ ಬಂದ.

ಚಾ ಕುಡಿದೆವು. ಆಮೇಲೆ ಅವನು ಹೊಸ ಫೋನನ್ನು ನೋಡಿ ಮೆಲ್ಲಗೆ ಕೇಳಿದ.

"ಇದಾದ್ರೂ ಹೋಗ್ತದಲ್ಲ ಸಾರ್? ನನ್ನ ಅನ್ನ ಇದರಲ್ಲಿ ಉಂಟು."

ಸರಿ ಉಂಟು ಎಂದು ಹೇಳಲು ನನ್ನ ನಾಲಗೆ ಏಳಲಿಲ್ಲ. ಅವನ ಹಳೇ ಫ್ಯಾಕ್ಟರಿಯ ನಂಬರ್ ಕೇಳಿ ಒತ್ತಿದೆ. ಎರಡು ರಿಂಗ್ ಆಗುವಷ್ಟರಲ್ಲಿ ಬೈಕಂಪಾಡಿಯಲ್ಲಿ ಯಾರೋ ಎತ್ತಿದರು. "ಹಲೋ," ಎಂದರು, "ಯಾರು?" ಎಂದರು. ನಾನು ರಿಸೀವರನ್ನು ವಾಮನನ ಎಡಗೈಗೆ ಕೊಟ್ಟೆ. ಅವನು ಕಿವಿಗೆ ಹಿಡಿದು ಆ ದನಿ ಕೇಳಿದ.

"ಎಂತ ಇಲ್ಲ," ಎಂದ ಆಮೇಲೆ. "ಸಿಗ್ತದಾ ಅಂತ ನೋಡಿದ್ದು."